ವಂಶದ ರೋಗವಲ್ಲ, ಮನೆಯೊಳಗಿನ ಸೋಂಕು

ಅಜ್ಜಿಗೆ ಲಿವರ್ ಕಾಯಿಲೆ, ಅವರ ಮಕ್ಕಳಲ್ಲಿ ಇಬ್ಬರಿಗೆ ಅದೇ, ಮೊಮ್ಮಗನಿಗೂ ಅದೇ. ಇಂಥ ಮನೆತನ ಕಂಡರೆ ‘ವಂಶಪಾರಂಪರ್ಯ’ ಎಂದುಬಿಡುತ್ತೇವೆ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಕೂಡ ಮೊದಲು ಹಾಗೆಯೇ ಎಣಿಸಿದ್ದರು. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅವರಿಗೆ ಸಿಕ್ಕ ಹೊಸ ಪ್ರೋಟೀನು ಕೆಲವು ಕುಟುಂಬಗಳಲ್ಲೇ ಹೆಚ್ಚಾಗಿ ಕಾಣುತ್ತಿತ್ತು. ಅದು ಹುಟ್ಟುಗುಣವಲ್ಲ, ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಭಾಗ ಎಂಬುದು ಆಮೇಲೆ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು.

ಮನೆಯೊಳಗೆ ಈ ವೈರಸ್ ದಾಟುವ ಮುಖ್ಯ ದಾರಿ ಹೆರಿಗೆ. 1970ರ ದಶಕದಲ್ಲಿ ತೈವಾನಿನಲ್ಲಿ ಸಂಶೋಧಕ ಪಾಮರ್ ಬೀಸ್ಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿದವು. ಹೆರಿಗೆಯ ವೇಳೆ ತಾಯಿಯ ರಕ್ತ ಮಗುವಿಗೆ ಸೋಕುತ್ತದೆ. ತಾಯಿಯಲ್ಲಿ ವೈರಸ್ ಹೇರಳವಾಗಿದ್ದು, ಯಾವ ರಕ್ಷಣೆಯೂ ಇಲ್ಲದಿದ್ದರೆ ಶೇ 70ರಿಂದ 90ರಷ್ಟು ಶಿಶುಗಳಿಗೆ ಸೋಂಕು ತಗಲುತ್ತದೆ.

ಇಲ್ಲಿ ವಯಸ್ಸೇ ನಿರ್ಣಾಯಕ. ಪ್ರಾಯದವರಿಗೆ ತಗಲಿದ ಸೋಂಕು ಬಹುಪಾಲು ತಾನಾಗಿ ವಾಸಿಯಾಗುತ್ತದೆ. ದೀರ್ಘಕಾಲ ಉಳಿಯುವುದು ಶೇ 5ಕ್ಕಿಂತ ಕಡಿಮೆ ಮಂದಿಯಲ್ಲಿ. ಸೋಂಕು ತಗಲಿದ ನವಜಾತ ಶಿಶುಗಳಲ್ಲಾದರೋ ಸುಮಾರು ಶೇ 90ರಲ್ಲಿ ಅದು ಬೇರೂರುತ್ತದೆ. ಇನ್ನೂ ಬಲಿಯದ ರೋಗನಿರೋಧಕ ವ್ಯವಸ್ಥೆ ವೈರಸ್ಸನ್ನು ಎದುರಿಸದೆ ಸಹಿಸಿಕೊಳ್ಳುತ್ತದೆ. ವೈರಸ್ಸಿನ ಡಿಎನ್‌ಎ ಲಿವರ್ ಜೀವಕೋಶದ ಕೇಂದ್ರದಲ್ಲಿ ನೆಲೆ ಹೂಡುತ್ತದೆ. ದಶಕಗಳ ಕಾಲ ಲಕ್ಷಣವೇ ಇರದೆ, ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ತಲೆದೋರಬಹುದು. ಅಷ್ಟರಲ್ಲಿ ಹೀಗೆ ಸೋಂಕಿತಳಾದ ಹೆಣ್ಣುಮಗು ತಾಯಿಯಾಗಿ, ಸೋಂಕು ಮುಂದಿನ ತಲೆಮಾರಿಗೆ ಹೋಗಿರುತ್ತದೆ.

ಇನ್ನೊಂದು ದಾರಿ ಹಂಚಿಕೊಂಡ ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ, ತೆರೆದ ಗಾಯ. ದೇಹದಿಂದ ಹೊರಬಿದ್ದ ವೈರಸ್ ಕನಿಷ್ಠ ಏಳು ದಿನ ಸೋಂಕು ಹರಡಬಲ್ಲದು. ಗಂಡಹೆಂಡಿರ ನಡುವೆ ಲೈಂಗಿಕ ಸಂಪರ್ಕದಿಂದಲೂ ದಾಟುತ್ತದೆ. ಆದರೆ ಒಂದೇ ತಟ್ಟೆಯ ಊಟ, ಅಪ್ಪುಗೆ, ಕೆಮ್ಮಿನಿಂದ ಹರಡುವುದಿಲ್ಲ. ಸೋಂಕಿತ ತಾಯಿ ಎದೆಹಾಲು ನಿಲ್ಲಿಸಬೇಕಿಲ್ಲ.

ಈ ಸೋಂಕು ತಡೆಯಲು ತೈವಾನ್ 1984ರಲ್ಲಿ ಶಿಶುಗಳಿಗೆ ಲಸಿಕೆ ಆರಂಭಿಸಿತು. ಮುಂದೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ನಮ್ಮಲ್ಲೂ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ಬಳಿಕ 6, 10, 14ನೇ ವಾರಗಳಲ್ಲಿ ಹೆಪಟೈಟಿಸ್ ಬಿ ಲಸಿಕೆಯೂ ಸೇರಿದ ಪೆಂಟಾವೇಲೆಂಟ್ ಲಸಿಕೆ ಸರ್ಕಾರದಿಂದಲೇ ಉಚಿತ. ತಾಯಿ ಸೋಂಕಿತೆಯಾದರೆ ಮಗುವಿಗೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದನ್ನೂ ಕೊಡುತ್ತಾರೆ. ವೈರಸ್ ಹೆಚ್ಚಿದ್ದರೆ ಗರ್ಭಿಣಿಗೆ ಟೆನೊಫೊವಿರ್ ಮಾತ್ರೆಯೂ ಉಂಟು.

ಆದ್ದರಿಂದ ಪ್ರತಿ ಗರ್ಭಿಣಿಯೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಳ್ಳಲಿ. ಮನೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದವರು ಲಸಿಕೆ ಪಡೆಯಿರಿ, ಇರುವವರು ವೈದ್ಯರ ನಿಗಾದಲ್ಲಿರಿ. ಯಾರನ್ನೂ ದೂರವಿಡುವ ಅಗತ್ಯವಿಲ್ಲ.