ಜೋಮು ಹಿಡಿದ ಕೈಗೆ ಕಾಯಿಲೆಯ ಹೆಸರೇನು?

ದಾವಣಗೆರೆ: ಗಲ್ಲಾದ ಮೇಲೆ ಕೂತವರಿಗೆ ಚಿಲ್ಲರೆ ಎಣಿಸುವಾಗ ಬೆರಳು ಜೋಮು. ಇನ್ಯಾರಿಗೋ ಬಸ್ಸಿನ ಬೋರ್ಡು ಒಂದು ಕಣ್ಣಿಗೆ ಮಾತ್ರ ಮಂಜು. "ನಿದ್ದೆಗೆಟ್ಟಿದ್ದೀರಿ, ಸರಿಹೋಗುತ್ತೆ ಬಿಡ್ರಿ" ಅನ್ನುತ್ತಾರೆ ಪಕ್ಕದವರು. ಕೆಲವು ವಾರಕ್ಕೆ ಸರಿಯೂ ಹೋಗುತ್ತದೆ. ತಿಂಗಳುಗಳು ಕಳೆದ ಮೇಲೆ ಕಾಲಿಗೆ ಬರುತ್ತದೆ.

ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು, ಇಲ್ಲದೆಯೂ ಇರಬಹುದು. ಬಿ-12 ಜೀವಸತ್ವ ಕಮ್ಮಿಯಾದರೂ ಕೈಕಾಲು ಜೋಮು ಹಿಡಿಯುತ್ತದೆ. ದೇಹದ ರಕ್ಷಣಾಪಡೆಯೇ ನರದ ಹೊದಿಕೆಯನ್ನು ಕೆಡಿಸುವ ಈ ಕಾಯಿಲೆಯನ್ನು ಫ್ರಾನ್ಸಿನ ವೈದ್ಯ ಶಾರ್ಕೊ 1868ರಲ್ಲೇ ವಿವರಿಸಿದ್ದರು. ಆದರೂ ಒಂದೇ ಪರೀಕ್ಷೆಯಲ್ಲಿ ಹೌದು, ಅಲ್ಲ ಅನ್ನುವಂತಿಲ್ಲ. ರೋಗಿ ಹೇಳುವ ಕಥೆ, ಎಂ.ಆರ್.ಐ., ಬೇಕಾದರೆ ಬೆನ್ನುನೀರಿನ ಪರೀಕ್ಷೆ, ಎಲ್ಲ ತಾಳೆಯಾಗಬೇಕು. ಅಲ್ಲಿಯವರೆಗೆ ಕಾಯುವ ಪಾಡು.

ಬಿಸಿಲೇರಿದರೆ ಸುಸ್ತು ಹೆಚ್ಚು. ನೋಡಲು ಮಾತ್ರ ಆಳು ಗಟ್ಟಿ. ಸಿಗುವ ಬಿರುದು "ಸೋಮಾರಿ". 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಈ ರೋಗವೂ ಇದೆ. ಆದರೆ ರೋಗದ ಹೆಸರೇ ಖಚಿತವಾಗದವರು ಯಾವ ಕಾಗದ ತೋರಿಸಬೇಕು?

ಯಾವ ದಿನ, ಯಾವ ಅಂಗ, ಎಷ್ಟು ದಿನ ಎಂದು ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟರೆ ನರರೋಗ ತಜ್ಞರಿಗೆ ಅದು ದೊಡ್ಡ ಸಹಾಯ. ಕಣ್ಣು ಮಂಜಾದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನು ಬಸ್ಸಿನಲ್ಲಿ ನಿಲ್ಲಲಾರೆ ಅಂದವರಿಗೆ ಸೀಟು ಬಿಟ್ಟುಕೊಡಲು ಯಾರೂ ಸರ್ಟಿಫಿಕೇಟು ಕೇಳಬೇಕಿಲ್ಲ.