ಹಬೆಯೊಳಗೆ ಮರಳಿ ಹೋದ ನಾವಿಕ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಗೆ ಸಮುದ್ರ ಬಲು ದೂರ. ಆದರೆ ಹಬೆ ದೂರವಲ್ಲ. ಅಡಿಕೆ ಬೇಯಿಸುವ ಹಂಡೆಯ ಮುಚ್ಚಳ ಸರಿಸುವಾಗಲೋ ಕುಕ್ಕರ್ ತೆರೆಯುವಾಗಲೋ ಮುಂಗೈ ಸುಟ್ಟುಕೊಂಡವರು ನಿಮ್ಮಲ್ಲಿಯೂ ಇರಬಹುದು. ಕುದಿಯುವ ನೀರಿಗಿಂತ ಹಬೆ ಹೆಚ್ಚು ಸುಡುವುದೇಕೆ? ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು 100 ಕ್ಯಾಲೊರಿ ಸಾಕು. ಒಂದು ಗ್ರಾಂ ಹಬೆಯಾದರೋ, ಚರ್ಮದ ಮೇಲೆ ಮತ್ತೆ ನೀರಾಗುವಾಗಲೇ ಸುಮಾರು 540 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಟೆಲೆಸ್ಫೊರೊ ಟ್ರಿನಿಡಾಡ್ ಅವರ ಸಾಹಸ ಅರ್ಥವಾಗಬೇಕಾದರೆ ಈ ಲೆಕ್ಕ ನೆನಪಿರಲಿ.

ಅವರು ಹುಟ್ಟಿದ್ದು 1890ರಲ್ಲಿ, ಫಿಲಿಪ್ಪೀನ್ಸ್‌ನ ಪನಾಯ್ ದ್ವೀಪದಲ್ಲಿ. 1898ರಲ್ಲಿ ಆ ನಾಡು ಸ್ಪೇನಿನ ಕೈತಪ್ಪಿ ಅಮೆರಿಕದ ವಶವಾಯಿತು. 500 ಮಂದಿ ಫಿಲಿಪ್ಪೀನರನ್ನು ಅಮೆರಿಕದ ನೌಕಾಪಡೆಗೆ ಸೇರಿಸಿಕೊಳ್ಳಬಹುದೆಂದು 1901ರಲ್ಲಿ ಆದೇಶವಾಯಿತು. ಹೀಗೆ ತೆರೆದ ಬಾಗಿಲಿನಿಂದ ಒಳಹೋದ ಟ್ರಿನಿಡಾಡ್, ಸ್ಯಾನ್ ಡಿಯಾಗೊ ಎಂಬ ಯುದ್ಧನೌಕೆಯಲ್ಲಿ ಎರಡನೇ ದರ್ಜೆಯ ಫೈರ್‌ಮನ್ ಆಗಿದ್ದರು. ಹಡಗಿನ ತಳದಲ್ಲಿ, ಬಾಯ್ಲರ್‌ಗಳ ಬೆಂಕಿಯ ಬಳಿ ಕೆಲಸ.

ಬಾಯ್ಲರಿನಲ್ಲಿ ಒತ್ತಡ ಹೆಚ್ಚು. ಆದ್ದರಿಂದ ನೀರು 100 ಡಿಗ್ರಿ ದಾಟಿದರೂ ನೀರಾಗಿಯೇ ಉಳಿಯುತ್ತದೆ. ಕೊಳವೆ ಸಿಡಿದು ಒತ್ತಡ ಇಳಿಯಿತೋ, ಅದರಲ್ಲಿ ಒಂದು ಪಾಲು ಕ್ಷಣಾರ್ಧದಲ್ಲಿ ಹಬೆ. ಹಾಗೆ ಹಬೆಯಾದ ಒಂದು ಲೀಟರ್ ನೀರಿಗೆ 1600 ಲೀಟರಿಗೂ ಮಿಕ್ಕ ಜಾಗ ಬೇಕು! ಸುತ್ತಲೂ ಉಕ್ಕಿನ ಗೋಡೆ; ಹಬೆ ಹೋಗುವುದಾದರೂ ಎಲ್ಲಿಗೆ?

1915ರ ಜನವರಿ 21ರಂದು ಆದದ್ದು ಇದೇ. ಸ್ಫೋಟದಿಂದ 2ನೇ ಬಾಯ್ಲರ್ ಕೋಣೆ ಬಿಟ್ಟು ಹೊರಬಿದ್ದಿದ್ದ ಟ್ರಿನಿಡಾಡ್ ತಕ್ಷಣ ಹಿಂತಿರುಗಿ, ಗಾಯಗೊಂಡಿದ್ದ ಜೊತೆಗಾರ ಡೇಲಿಯನ್ನು ಎತ್ತಿಕೊಂಡರು. ಹೊರಬರುವ ದಾರಿಯಲ್ಲೇ 3ನೇ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಯಿತು. ಮುಖ ಸುಟ್ಟಿತು. ಡೇಲಿಯನ್ನು ಬೇರೆಯವರ ಕೈಗೆ ಒಪ್ಪಿಸಿ, ಇನ್ನೊಬ್ಬ ಗಾಯಾಳುವನ್ನು ಹೊರತರಲು ಮತ್ತೆ ಒಳಗೆ ಹೋದರು. ಮೊದಲ ಸಲ ಹೋದಾಗ ಹಬೆ ಎಂಥದೆಂದು ಅರಿವಿರಲಿಲ್ಲ ಎನ್ನಬಹುದೇನೋ. ಎರಡನೆಯ ಸಲ ಹಾಗನ್ನುವಂತಿಲ್ಲ.

ಅಮೆರಿಕದ ಅತ್ಯುನ್ನತ ಶೌರ್ಯ ಪುರಸ್ಕಾರವಾದ ಮೆಡಲ್ ಆಫ್ ಆನರ್ ಅವರಿಗೆ ಬಂತು. ಜೊತೆಗೆ 100 ಡಾಲರ್. ಆದರೆ ಮೊದಲ ಮಹಾಯುದ್ಧದ ನಂತರ ಅದೇ ನೌಕಾಪಡೆ ಫಿಲಿಪ್ಪೀನರಿಗೆ ಹೆಚ್ಚಾಗಿ ಉಳಿಸಿದ್ದು ಅಡುಗೆ ಮತ್ತು ಬಡಿಸುವ ಕೆಲಸಗಳನ್ನು. ಈ ಕಟ್ಟು ಸಡಿಲವಾದದ್ದು 1970ರ ದಶಕದ ಆರಂಭದಲ್ಲಿ. ಅಷ್ಟರಲ್ಲಿ, 1968ರಲ್ಲಿ, ಟ್ರಿನಿಡಾಡ್ ತೀರಿಕೊಂಡಿದ್ದರು. ತಾನು ಕಟ್ಟಿಸಲಿರುವ ಯುದ್ಧನೌಕೆಯೊಂದಕ್ಕೆ ಅವರ ಹೆಸರಿಡುವುದಾಗಿ ಆ ನೌಕಾಪಡೆ ಸಾರಿದ್ದು 2022ರಲ್ಲಿ.