ಕಮಠಾಣದ ಚರಿತ್ರೆ: ಮೂಲ ಆಕರಗಳ ಶೋಧ

ಬೀದರಕ್ಕೆ ಸಮೀಪದ ಕಮಠಾಣವು ಪಾರ್ಶ್ವನಾಥ ಬಸದಿಯಿಂದ ಹೆಸರಾದ ಗ್ರಾಮ. ಇದರ ಚರಿತ್ರೆಯನ್ನರಸುವ ವಿದ್ಯಾರ್ಥಿಯು ಅಂತರ್ಜಾಲದಲ್ಲಿ ಸಾಮಾನ್ಯವಾಗಿ ಮೊದಲು ತೆರೆಯುವುದು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು. ಅವುಗಳಲ್ಲಿ ಬೀದರ ಜಿಲ್ಲೆಯೇ ಇಲ್ಲ. ಹಾಗೆಂದು ಈ ನೆಲದಲ್ಲಿ ಶಾಸನಗಳೇ ಇಲ್ಲವೆಂದು ತೀರ್ಮಾನಿಸುವುದು ದುಡುಕಾದೀತು. 1886ರಲ್ಲಿ ಬಿ. ಎಲ್. ರೈಸ್ ಅವರು ಆರಂಭಿಸಿದ ಆ ಮಾಲೆಯು ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಸೀಮಿತವಾದುದು. ಬೀದರವಾದರೋ 1956ರವರೆಗೆ ಹೈದರಾಬಾದಿಗೆ ಸೇರಿದ್ದಿತು.

ಆದುದರಿಂದ ಇಂದಿನ ಗಡಿಯನ್ನಲ್ಲ, ಅಂದಿನ ಆಡಳಿತದ ಗಡಿಯನ್ನು ಅನುಸರಿಸಿ ಹುಡುಕಬೇಕು. ಹೈದರಾಬಾದ್ ಪುರಾತತ್ತ್ವ ಇಲಾಖೆಯ ಪ್ರಕಟಣೆಗಳು, ಪಾರಸಿ ಶಾಸನಗಳಿಗೆ ‘ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ’, 1947ರಲ್ಲಿ ಹೊರಬಂದ ಗುಲಾಂ ಯಜ್ದಾನಿಯವರ ಬೀದರ ಗ್ರಂಥ ಇವು ಇಲ್ಲಿ ಉಪಯುಕ್ತ. ಇಂಥ ಹಳೆಯ ಮುದ್ರಣಗಳು ಇಂಟರ್ನೆಟ್ ಆರ್ಕೈವಿನಂತಹ ತಾಣಗಳಲ್ಲಿ ದೊರೆಯುತ್ತವೆ. ರೋಮನ್ ಲಿಪಿಯಲ್ಲಿ ಊರ ಹೆಸರು ಹಲವು ಬಗೆಯಾಗಿರುವುದರಿಂದ ಎಲ್ಲ ರೂಪಗಳಿಂದಲೂ ಶೋಧಿಸುವುದು ಅವಶ್ಯ.

ಇನ್ನೊಂದು ಎಚ್ಚರಿಕೆಯುಂಟು. ಯಜ್ದಾನಿಯವರ ವಿವರಣೆ ಆಕರವಲ್ಲ. ಅದರೊಳಗಿನ ಶಾಸನಪಾಠ ಮತ್ತು ಛಾಯಾಚಿತ್ರಗಳೇ ಆಕರಕ್ಕೆ ಹತ್ತಿರವಾದವು. ವಚನಗಳ ವಿಷಯದಲ್ಲಿಯೂ ಹೀಗೆಯೇ: ಗಣಕಯಂತ್ರದಲ್ಲಿ ಕಾಣುವುದು ಸಂಪಾದಿತ ಪಾಠ, ಅದರ ಹಿಂದೆ ಓಲೆಗರಿಗಳೂ ಪಾಠಾಂತರಗಳೂ ಇವೆ. ಆಕರವು ಕೈಗೆಟಕುವುದು ಬೇರೆ, ಅದನ್ನು ಒರೆಗೆ ಹಚ್ಚುವುದು ಬೇರೆ. ಎರಡನೆಯದೇ ಸಂಶೋಧನೆ.